ರುಡಾಲ್ಫ್ ಡೀಸೆಲ್: ಬೇಸಿಗೆಯಲ್ಲಿ ಬಸವಳಿಯುವ ಯಂತ್ರದ ಜನಕ

ವೈಶಾಖ ಮಾಸವು ಬಂತೆಂದರೆ ಮುಂಬಯಿ, ಪುಣೆಗಳಲ್ಲಿರುವ ನಮ್ಮ ಹೋಟೆಲು ಬಂಧುಗಳಿಗೂ ಕಛೇರಿಗಳ ಗುಮಾಸ್ತರಿಗೂ ಊರಿನ ಸೆಳೆತವು ಬಲವಾಗುತ್ತದೆ. ಮಕ್ಕಳಿಗೆ ಶಾಲೆಯ ರಜೆ. ಊರಿನಲ್ಲಿ ಮದುವೆ, ಉಪನಯನ, ಕೋಲ, ಜಾತ್ರೆ. ರೈಲಿನಲ್ಲಿ ಸ್ಥಳ ದೊರೆಯದವರು ಬಸ್ಸನ್ನು ಆಶ್ರಯಿಸುತ್ತಾರೆ. ಸುಡುಬಿಸಿಲಿನ ನಡುಹಗಲಿನಲ್ಲಿ ಘಾಟಿಯ ಏರು ಎದುರಾದೊಡನೆ ಬಸ್ಸು ಏದುಸಿರು ಬಿಡತೊಡಗುತ್ತದೆ. ಚಾಲಕನು ಗೇರನ್ನು ಇಳಿಸುತ್ತಾನೆ, ಇಂಜಿನ್ನು ಅರಚುತ್ತದೆ, ಮುಂದಿನ ಲಾರಿಯ ಹಿಂಬದಿಯಿಂದ ಕಪ್ಪು ಹೊಗೆ ಕಿಟಕಿಯೊಳಗೆ ನುಗ್ಗುತ್ತದೆ. ಮಾಲೀಕನು ಮುದಿ ಗಾಡಿಯನ್ನು ಓಡಿಸುತ್ತಿರುವನೆಂದು ಒಬ್ಬರು ಗೊಣಗಿದರೆ, ಎಣ್ಣೆಗೆ ಕಲಬೆರಕೆಯಾಗಿದೆಯೆಂದು ಇನ್ನೊಬ್ಬರು ತೀರ್ಪು ಕೊಡುತ್ತಾರೆ. ಚಾಲಕನಿಗೆ ಗಾಡಿ ಓಡಿಸಲು ಬಾರದೆಂದು ಹೇಳುವ ಧೈರ್ಯಶಾಲಿಗಳೂ ಉಂಟು. ಅದೇ ಬಸ್ಸು ಮಾರ್ಗಶಿರದ ಚಳಿಯ ಬೆಳಗಿನ ಜಾವದಲ್ಲಿ ಅದೇ ಏರನ್ನು ಅಷ್ಟು ಆಯಾಸವಿಲ್ಲದೆ ಹತ್ತಿರುತ್ತದೆಂಬುದು ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ಇಲ್ಲಿ ಬಹುತೇಕ ಅಪರಾಧವು ಗಾಳಿಯದು. ಅದು ಹೇಗೆಂಬುದನ್ನು ಅರಿಯಬೇಕಾದರೆ, ಆ ಇಂಜಿನ್ನಿಗೂ ಅದು ಕುಡಿಯುವ ಎಣ್ಣೆಗೂ ತನ್ನ ಹೆಸರನ್ನು ಬಿಟ್ಟುಹೋದ ಮನುಷ್ಯನ ಬಾಳನ್ನೇ ಅರಿಯುವುದು ಲೇಸೆಂದು ನಾವು ಭಾವಿಸಿದ್ದೇವೆ.

ರುಡಾಲ್ಫ್ ಡೀಸೆಲನು ಹುಟ್ಟಿದ್ದು 1858ನೆಯ ಇಸವಿಯ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ಆದರೆ ಅವನ ಮನೆತನವು ಫ್ರೆಂಚರದಲ್ಲ. ತಂದೆ ಥಿಯೋಡರನು ಜರ್ಮನಿಯ ಬವೇರಿಯಾ ಪ್ರಾಂತದಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದವನು. ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವನು ಕಲಿತ ಕಸಬು. ಪ್ಯಾರಿಸಿನಲ್ಲಿ ತೊಗಲಿನ ಸಾಮಾನುಗಳನ್ನು ತಯಾರಿಸಿ ಮಾರುತ್ತಿದ್ದನು. ಬಾಲಕ ರುಡಾಲ್ಫನು ತಂದೆಯ ಕೆಲಸಕ್ಕೆ ನೆರವಾಗಿ, ಕೈಗಾಡಿಯಲ್ಲಿ ಸರಕನ್ನಿಟ್ಟುಕೊಂಡು ಗಿರಾಕಿಗಳ ಮನೆಗಳಿಗೆ ತಲುಪಿಸಿ ಬರುತ್ತಿದ್ದನು. ಪರಸ್ಥಳದಲ್ಲಿ ಹುಟ್ಟಿ, ಮನೆಯಲ್ಲೊಂದು ಭಾಷೆ ಬೀದಿಯಲ್ಲೊಂದು ಭಾಷೆಯಾಗಿ ಬೆಳೆಯುವ ಮಕ್ಕಳ ಸ್ಥಿತಿ ನಮ್ಮ ವಾಚಕರಿಗೆ ವಿವರಿಸಬೇಕಾದುದಲ್ಲ.

1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧವು ಹೊತ್ತಿತು. ಪ್ಯಾರಿಸಿನಲ್ಲಿದ್ದ ಜರ್ಮನರು ಒಮ್ಮಿಂದೊಮ್ಮೆಗೆ ಶತ್ರುಗಳೆನಿಸಿದರು. ಡೀಸೆಲ್ ಕುಟುಂಬವು ಮನೆ, ವ್ಯಾಪಾರಗಳನ್ನು ಬಿಟ್ಟು ಲಂಡನ್ನಿಗೆ ಓಡಬೇಕಾಯಿತು. ಅಲ್ಲಿಯೂ ಬಡತನವೇ. ಹನ್ನೆರಡು ವರುಷದ ಹುಡುಗನನ್ನು ತಾಯಿತಂದೆಗಳು ಬವೇರಿಯಾದ ಆಗ್ಸ್‌ಬರ್ಗ್ ಪಟ್ಟಣದಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಿದರು. ಆ ಮನೆಯ ಯಜಮಾನನು ಗಣಿತದ ಉಪಾಧ್ಯಾಯನಾಗಿದ್ದುದು ಹುಡುಗನ ಪುಣ್ಯ. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ತಾನು ಇಂಜಿನಿಯರನಾಗುವೆನೆಂದು ಅವನು ತಾಯಿತಂದೆಗಳಿಗೆ ಪತ್ರ ಬರೆದನು. ತರಗತಿಗೆ ಮೊದಲಿಗನಾಗಿ ತೇರ್ಗಡೆಯಾಗಿ, 1875ರಲ್ಲಿ ವಿದ್ಯಾರ್ಥಿವೇತನವನ್ನು ಪಡೆದು ಮ್ಯೂನಿಕ್ ನಗರದ ಪಾಲಿಟೆಕ್ನಿಕ್ಕನ್ನು ಸೇರಿದನು.

ಮ್ಯೂನಿಕ್ಕಿನಲ್ಲಿ ಅವನಿಗೆ ಗುರುವಾಗಿ ದೊರೆತವನು ಕಾರ್ಲ್ ಫಾನ್ ಲಿಂಡೆ. ಅಮೋನಿಯಾ ಅನಿಲವನ್ನು ಒತ್ತಿ, ಹಿಗ್ಗಿಸಿ, ಶೈತ್ಯವನ್ನು ಉತ್ಪಾದಿಸುವ ಯಂತ್ರವನ್ನು ರೂಢಿಗೆ ತಂದ ಮಹಾಶಯನು ಈತನೇ. ನಮ್ಮ ಹೋಟೆಲುಗಳಿಗೆ ಮಂಜುಗಡ್ಡೆಯನ್ನು ಒದಗಿಸುವ ಐಸ್ ಫ್ಯಾಕ್ಟರಿಗಳು ಅನುಸರಿಸುವುದು ಬಹುಮಟ್ಟಿಗೆ ಅದೇ ಕ್ರಮವನ್ನು. ಉಗಿಯಂತ್ರವು ತಾನು ತಿನ್ನುವ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲಿನಷ್ಟನ್ನೂ ಕೆಲಸವನ್ನಾಗಿ ಪರಿವರ್ತಿಸಲಾರದೆಂದೂ ಉಳಿದುದೆಲ್ಲ ವ್ಯರ್ಥವಾಗಿ ಹೋಗುವುದೆಂದೂ ಲಿಂಡೆಯು ಪಾಠ ಹೇಳುತ್ತಿದ್ದನು. 1824ರಲ್ಲಿ ಸಾದಿ ಕಾರ್ನೋ ಎಂಬ ಫ್ರೆಂಚ್ ಇಂಜಿನಿಯರನು ಪ್ರಕಟಿಸಿದ ಸಿದ್ಧಾಂತವನ್ನೂ ಅವನು ವಿವರಿಸುತ್ತಿದ್ದನು. ಶಾಖದಿಂದ ಕೆಲಸವು ಹುಟ್ಟುವುದು ಬಿಸಿಗೂ ತಂಪಿಗೂ ನಡುವಣ ಅಂತರದಿಂದ. ಆ ಅಂತರವು ಹಿರಿದಾದಷ್ಟೂ ಫಲವು ಹೆಚ್ಚು. ಈ ಮಾತು ಡೀಸೆಲನ ತಲೆಯಲ್ಲಿ ನೆಟ್ಟಿತು. ನೂರಕ್ಕೆ ತೊಂಬತ್ತು ಪಾಲು ನಷ್ಟ! ಗಲ್ಲಾದ ಮುಂದೆ ಕುಳಿತು ವರುಷಗಳನ್ನು ಕಳೆದ ನಮಗೆ, ಆ ತರುಣನಿಗೆ ನಿದ್ರೆ ಬಾರದಿದ್ದುದು ಆಶ್ಚರ್ಯವಾಗಿ ತೋರುವುದಿಲ್ಲ.

1879ರಲ್ಲಿ ವಿಷಮಶೀತ ಜ್ವರ ಬಂದು ಪರೀಕ್ಷೆ ತಪ್ಪಿತು. ಆ ಬಿಡುವಿನಲ್ಲಿ ಸ್ವಿಟ್ಜರ್ಲೆಂಡಿನ ಸುಲ್ಜರ್ ಸೋದರರ ಕಾರ್ಖಾನೆಯಲ್ಲಿ ಕೈಕೆಲಸವನ್ನು ಕಲಿತು, 1880ರ ಜನವರಿಯಲ್ಲಿ ಪರೀಕ್ಷೆಗೆ ಕುಳಿತು ಅತ್ಯುಚ್ಚ ಶ್ರೇಣಿಯನ್ನು ಗಳಿಸಿದನು. ಗುರುವು ಅವನನ್ನು ಪ್ಯಾರಿಸಿಗೆ ಕಳುಹಿಸಿ ಶೈತ್ಯಯಂತ್ರಗಳ ಕೆಲಸಕ್ಕೆ ನೇಮಿಸಿದನು. ಯಾವ ಊರಿನಿಂದ ಓಡಿಹೋಗಿದ್ದನೋ ಅದೇ ಊರಿಗೆ ಮಂಜುಗಡ್ಡೆಯ ಇಂಜಿನಿಯರನಾಗಿ ಹಿಂದಿರುಗಿದನು. 1881ರಲ್ಲಿ ಬಾಟಲಿಯೊಳಗೇ ತಿಳಿಯಾದ ಮಂಜುಗಡ್ಡೆಯನ್ನು ಕಟ್ಟಿಸುವ ವಿಧಾನಕ್ಕೆ ಪೇಟೆಂಟನ್ನು ಪಡೆದನು. ಜಗತ್ತಿಗೆಲ್ಲ ಲಾರಿಯ ಇಂಜಿನ್ನಿನಿಂದ ಪರಿಚಿತನಾದ ಡೀಸೆಲನ ಮೊದಲ ಸಾಧನೆಯು ಊಟದ ಮೇಜಿಗೆ ಸಂಬಂಧಪಟ್ಟುದೆಂಬುದು ನಮ್ಮ ಕಸಬಿನವರಿಗೆ ಸ್ವಲ್ಪ ಹೆಮ್ಮೆಯ ವಿಷಯವೇ. 1883ರಲ್ಲಿ ಮಾರ್ತಾ ಫ್ಲಾಷೆ ಎಂಬವಳನ್ನು ವಿವಾಹವಾದನು, ಮೂವರು ಮಕ್ಕಳಾದರು. 1890ರಲ್ಲಿ ಸಂಸಾರಸಹಿತ ಬರ್ಲಿನ್ನಿಗೆ ಹೋದನು.

ಹಗಲು ಶೈತ್ಯದ ಚಾಕರಿ, ರಾತ್ರಿ ಶಾಖದ ಧ್ಯಾನ. ನೀರಾವಿಗೆ ಬದಲಾಗಿ ಅಮೋನಿಯಾದ ಆವಿಯಿಂದ ಇಂಜಿನ್ನನ್ನು ಓಡಿಸಲು ವರುಷಗಳ ಕಾಲ ಹೆಣಗಿ ಕೈಬಿಟ್ಟನು. ಕೊನೆಗೆ ಹೊಳೆದದ್ದು ಬಹು ಸರಳವಾದ ಯುಕ್ತಿ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ಬುಡವು ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ಬಲ್ಲರು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಹದಿನಾರು, ಹದಿನೇಳು ಪಾಲು ಗಾಳಿಯನ್ನು ಒಂದು ಪಾಲಿನ ಜಾಗಕ್ಕೆ ಥಟ್ಟನೆ ಒತ್ತಿದರೆ ಅದರ ಉಷ್ಣಮಾನವು 500 ಡಿಗ್ರಿಯನ್ನು ಮೀರುತ್ತದೆ. ಅಂತಹ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದರೆ ಕಡ್ಡಿ ಗೀರುವ ಅಗತ್ಯವಿಲ್ಲ, ವಿದ್ಯುತ್ತಿನ ಕಿಡಿಯೂ ಬೇಡ; ಎಣ್ಣೆಯು ತಾನಾಗಿಯೇ ಹೊತ್ತಿ ಪಿಸ್ಟನ್ನನ್ನು ತಳ್ಳುತ್ತದೆ. 1892ರ ಫೆಬ್ರುವರಿಯಲ್ಲಿ ಈ ವಿಧಾನಕ್ಕೆ ಜರ್ಮನ್ ಪೇಟೆಂಟಿಗೆ ಅರ್ಜಿ ಹಾಕಿದನು. ಮರುವರುಷ ಅದು ಮಂಜೂರಾಯಿತು. ಅದೇ 1893ರಲ್ಲಿ ತನ್ನ ಸಿದ್ಧಾಂತವನ್ನು ಪುಸ್ತಕವಾಗಿ ಪ್ರಕಟಿಸಿದನು.

ಕಾಗದದ ಮೇಲಿನ ಲೆಕ್ಕವು ಕಬ್ಬಿಣಕ್ಕೆ ಒಗ್ಗಲಿಲ್ಲ. ಸಿಲಿಂಡರಿನ ಸುತ್ತಲೂ ತಣ್ಣೀರಿನ ಕವಚವೇ ಬೇಡವೆಂದು ಅವನು ಮೊದಲು ಎಣಿಸಿದ್ದನು. ಶಾಖವನ್ನೆಲ್ಲ ಕೆಲಸಕ್ಕೆ ಹಚ್ಚುವ ಯಂತ್ರಕ್ಕೆ ತಣಿಸುವುದೇಕೆಂಬುದು ಅವನ ತರ್ಕ. ಆಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯ ಮುಖ್ಯಸ್ಥನಾದ ಹೈನ್ರಿಕ್ ಬುಜ್ ಎಂಬವನು ಜಾಗ, ಜನ, ಹಣಗಳನ್ನು ಒದಗಿಸಿದನು. 1893ರ ಆಗಸ್ಟ್ 10ರಂದು ಮೊದಲ ಬಾರಿಗೆ ಸಿಲಿಂಡರಿಗೆ ಎಣ್ಣೆ ಹಾಯಿಸಲಾಯಿತು. ಭಯಂಕರ ಸದ್ದಿನೊಡನೆ ಒತ್ತಡವನ್ನಳೆಯುವ ಸಲಕರಣೆಯು ಸಿಡಿದು ಚೂರುಗಳು ಹಾರಿದವು. ಹತ್ತಿರವಿದ್ದವರು ಬದುಕಿದ್ದು ಭಾಗ್ಯ. ಡೀಸೆಲನಾದರೋ ಹೆದರುವ ಬದಲು ಸಂತೋಷಪಟ್ಟನು: ಒತ್ತಿದ ಗಾಳಿಯಿಂದಲೇ ಎಣ್ಣೆ ಹೊತ್ತುವುದು ರುಜುವಾತಾಗಿತ್ತು. 1894ರ ಫೆಬ್ರುವರಿ 17ರಂದು ಇಂಜಿನ್ನು ಸ್ವಂತ ಬಲದಿಂದ ಓಡಿತು, ಸುಮಾರು ಒಂದೇ ನಿಮಿಷದ ಮಟ್ಟಿಗೆ. ಆ ಒಂದು ನಿಮಿಷವನ್ನು ದಿನಗಟ್ಟಲೆಯ ಓಟಕ್ಕೆ ಮುಟ್ಟಿಸಲು ಇನ್ನೂ ಮೂರು ವರುಷಗಳು ಹಿಡಿದವು. ಬೇಡವೆಂದಿದ್ದ ತಣ್ಣೀರಿನ ಕವಚವೂ ಅಷ್ಟರಲ್ಲಿ ಬಂದು ಸೇರಿತು. ಬೆಂಕಿಯನ್ನು ಒಡಲಲ್ಲಿಟ್ಟುಕೊಂಡ ಕಬ್ಬಿಣಕ್ಕೂ ಮೈಗೆ ನೀರು ಬೇಕೆಂಬುದನ್ನು ಮಂಜುಗಡ್ಡೆಯ ಇಂಜಿನಿಯರನೇ ಇಷ್ಟು ಪಾಡುಪಟ್ಟು ಕಲಿಯಬೇಕಾಯಿತು.

1897ರ ಫೆಬ್ರುವರಿ 17ರಂದು ಮ್ಯೂನಿಕ್ಕಿನ ಪ್ರಾಧ್ಯಾಪಕ ಮೋರಿಟ್ಸ್ ಶ್ರೋಟರನು ಆ ಯಂತ್ರವನ್ನು ವಿಧ್ಯುಕ್ತವಾಗಿ ಪರೀಕ್ಷಿಸಿದನು. ಸುಮಾರು 18 ಅಶ್ವಶಕ್ತಿಯ ಆ ಯಂತ್ರವು ಎಣ್ಣೆಯ ಶಾಖದಲ್ಲಿ ನೂರಕ್ಕೆ 26.2 ಪಾಲನ್ನು ಕೆಲಸವನ್ನಾಗಿ ಮಾಡುತ್ತಿತ್ತು. ಉಗಿಯಂತ್ರಕ್ಕೆ ಹೋಲಿಸಿದರೆ ಎರಡೂವರೆ ಪಟ್ಟು! ಮ್ಯೂನಿಕ್ಕಿನ ಡಾಯ್ಚಸ್ ಮ್ಯೂಸಿಯಮ್ ಎಂಬ ವಸ್ತುಸಂಗ್ರಹಾಲಯದಲ್ಲಿ ಆ ಯಂತ್ರವು ಉಳಿದುಬಂದಿದೆ.

ಇಲ್ಲಿ ಸ್ವಲ್ಪ ನಿಂತು, ನಮ್ಮ ಘಾಟಿಯ ಬಸ್ಸಿನ ಪ್ರಶ್ನೆಯನ್ನು ಕೈಗೆತ್ತಿಕೊಳ್ಳೋಣ. ಇಂಜಿನ್ನಿನ ಆಹಾರವು ಎಣ್ಣೆಯೆಂದು ನಾವೆಲ್ಲ ತಿಳಿದಿದ್ದೇವೆ. ಅದು ಅರ್ಧ ಸತ್ಯ. ಒಂದು ಲೀಟರು ಡೀಸೆಲು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 12 ಕಿಲೋಗ್ರಾಮು ಗಾಳಿ ಬೇಕು. ಎಣ್ಣೆಗೆ ನಾವು ಹಣ ತೆರುತ್ತೇವೆ. ಗಾಳಿಯು ಧರ್ಮಕ್ಕೆ ಸಿಗುತ್ತದೆ. ಆದುದರಿಂದ ಅದರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಸಿಲಿಂಡರಾದರೋ ಗಾಳಿಯನ್ನು ಸೇರಿನಿಂದ ಅಳೆದಂತೆ ಅಳೆಯುತ್ತದೆ, ತಕ್ಕಡಿಯಲ್ಲಿ ತೂಗುವುದಿಲ್ಲ. ಪ್ರತಿ ಸಲವೂ ಅದರ ಹೊಟ್ಟೆಗೆ ಹಿಡಿಯುವುದು ಅಷ್ಟೇ ಗಾತ್ರ. ಉರಿಯುವ ಕ್ರಿಯೆಗಾದರೋ ತೂಕವೇ ಮುಖ್ಯ. ಸೇರಿನಲ್ಲಿ ಅಕ್ಕಿಯನ್ನು ಅಳೆದರೂ ಒಂದು ಸೇರು, ಅರಳನ್ನು ಅಳೆದರೂ ಒಂದು ಸೇರು. ಆದರೆ ಅರಳಿನ ಸೇರಿನಿಂದ ಹಸಿವು ಅಡಗುವುದೇ? ಕಾದ ಗಾಳಿಯು ಅರಳಿನಂತೆ ಉಬ್ಬಿದ ಗಾಳಿ.

ಎಷ್ಟು ಉಬ್ಬುತ್ತದೆಂಬುದಕ್ಕೂ ಲೆಕ್ಕವುಂಟು. ಶಾಖವನ್ನು ಮಂಜಿನ ಬಿಂದುವಿನಿಂದಲ್ಲ, ಅದಕ್ಕಿಂತ 273 ಡಿಗ್ರಿ ಕೆಳಗಿರುವ ಪರಮಶೂನ್ಯದಿಂದ ಎಣಿಸಬೇಕು. ಚಳಿಗಾಲದ ಮುಂಜಾನೆಯ 15 ಡಿಗ್ರಿಯು ಈ ಎಣಿಕೆಯಲ್ಲಿ 288. ಸೋಲಾಪುರ, ಕಲಬುರಗಿಗಳ ಕಡೆಯ ಬೇಸಿಗೆಯ ಮಧ್ಯಾಹ್ನದ 43 ಡಿಗ್ರಿಯು 316. ಒತ್ತಡವು ಒಂದೇ ಆಗಿದ್ದರೆ, ಗಾಳಿಯ ತೂಕವು ಇದೇ ಪ್ರಮಾಣದಲ್ಲಿ ಇಳಿಯುತ್ತದೆ. ಎಂದರೆ ನೂರಕ್ಕೆ ಸುಮಾರು 9 ಪಾಲು ಕಡಮೆ. ಇಂಜಿನ್ನು ತನ್ನ ಮುಚ್ಚಳದೊಳಗಿನ ಕುದಿಯುವ ಗಾಳಿಯನ್ನೇ ಹೀರಿಕೊಳ್ಳುವಂತಿದ್ದು ಅದು 60 ಡಿಗ್ರಿಗೆ ಮುಟ್ಟಿದರೆ, ನಷ್ಟವು ನೂರಕ್ಕೆ 13ನ್ನು ದಾಟುತ್ತದೆ. ಇದಲ್ಲದೆ ಘಾಟಿಯನ್ನು ಏರಿದಂತೆಲ್ಲ ಗಾಳಿಯ ಒತ್ತಡವೇ ಇಳಿಯುತ್ತದೆ. 600 ಮೀಟರು ಎತ್ತರದಲ್ಲಿ ನೂರಕ್ಕೆ ಸುಮಾರು 7 ಪಾಲು ಹೋಯಿತೆಂದೇ ತಿಳಿಯಬೇಕು. ಕಡಲ ಕರೆಯ ಸೆಕೆಯಲ್ಲಿ ಇನ್ನೊಂದು ಉಪದ್ರವ. ಮುಂಬಯಿಯಂತಹ ಊರಿನಲ್ಲಿ ಮಳೆಗಾಲದ ಮುಂಚಿನ ದಿನಗಳಲ್ಲಿ ಗಾಳಿಯ ನೂರು ಪಾಲಿನಲ್ಲಿ ನಾಲ್ಕರಷ್ಟು ಬರಿಯ ನೀರಾವಿಯೇ ಇರಬಹುದು. ಬೆಂಕಿಗೆ ಬೇಕಾದ ಆಮ್ಲಜನಕದ ಜಾಗವನ್ನು ನೀರು ಆಕ್ರಮಿಸುತ್ತದೆ.

ಸಮತಟ್ಟಾದ ರಸ್ತೆಯಲ್ಲಿ ಇದು ತಿಳಿಯುವುದಿಲ್ಲ. ಡೀಸೆಲ್ ಇಂಜಿನ್ನಿನಲ್ಲಿ ಸಾಧಾರಣ ಹೊರೆಗೆ ಬೇಕಾದುದಕ್ಕಿಂತ ಹೆಚ್ಚು ಗಾಳಿಯು ಯಾವಾಗಲೂ ಇರುತ್ತದೆ. ತುಂಬು ಹೊರೆಯೊಡನೆ ಏರು ಬಂದಾಗಲೇ ಸಾಲ ಹೊರಬೀಳುವುದು. ಚಾಲಕನು ಕಾಲನ್ನು ಒತ್ತುತ್ತಾನೆ, ಎಣ್ಣೆಯು ಹೆಚ್ಚುತ್ತದೆ, ಗಾಳಿಯು ಹೆಚ್ಚಲಾರದು. ಗಾಳಿ ಸಾಲದ ಒಲೆಗೆ ಸೌದೆಯನ್ನು ತುರುಕಿದರೆ ಉರಿ ಏಳದೆ ಅಡುಗೆಮನೆಯೆಲ್ಲ ಹೊಗೆಯಾಗುವಂತೆ, ಉರಿಯದ ಎಣ್ಣೆಯು ಕರಿಹೊಗೆಯಾಗಿ ಹೊರಡುತ್ತದೆ. ಈಚಿನ ಗಾಡಿಗಳಲ್ಲಿ ವಿದ್ಯುತ್ ಮೆದುಳೊಂದು ಗಾಳಿಯನ್ನು ಅಳೆದು ಎಣ್ಣೆಯನ್ನೇ ಮಿತಗೊಳಿಸುತ್ತದೆ. ಹೊಗೆ ಕಡಮೆ, ಆದರೆ ಬಲವೂ ಕಡಮೆ. ಬಸ್ಸಿನೊಳಗೆ ತಂಪುಮಾಡುವ ಯಂತ್ರವಿದ್ದರೆ ಅದಕ್ಕೂ ಶಕ್ತಿಯು ಎಣ್ಣೆಯಿಂದಲೇ ಬರಬೇಕು. ಅನೇಕ ಗಾಡಿಗಳಲ್ಲಿ ಅದು ಮುಖ್ಯ ಇಂಜಿನ್ನಿನಿಂದಲೇ ಬಲವನ್ನು ಕಸಿಯುತ್ತದೆ. ಪೆಟ್ರೋಲು ಗಾಡಿಗಳಿಗೆ ಇಷ್ಟು ಸಾಲದೆಂಬಂತೆ ಮತ್ತೊಂದು ಕಂಟಕವಿದೆ: ಗಾಳಿ ಅತಿಯಾಗಿ ಬಿಸಿಯಾದರೆ ಪೆಟ್ರೋಲು ಅಕಾಲದಲ್ಲಿ ಸಿಡಿದು ಪಿಸ್ಟನ್ನಿಗೆ ಸುತ್ತಿಗೆಯೇಟು ಬೀಳುತ್ತದೆ. ಅದನ್ನು ತಪ್ಪಿಸಲು ಕಿಡಿಯನ್ನು ತಡಮಾಡಿ ಕೊಡಬೇಕಾಗುವುದರಿಂದ ಅಲ್ಲಿಯೂ ಬಲವು ಕುಗ್ಗುತ್ತದೆ. ಡೀಸೆಲನ ಯಂತ್ರವು ಬರಿಯ ಗಾಳಿಯನ್ನೇ ಒತ್ತುವುದರಿಂದ ಈ ಒಂದು ಬಾಧೆಯಿಂದ ಪಾರಾಗಿದೆ.

ಇನ್ನು ಅವನ ಕಥೆಗೆ ಮರಳೋಣ. 1897ರ ವಿಜಯದ ನಂತರ ಹಣವು ಹೊಳೆಯಾಗಿ ಹರಿಯಿತು. ಅಮೆರಿಕದ ಹಕ್ಕಿಗಾಗಿ ಅಡಾಲ್ಫಸ್ ಬುಷ್ ಎಂಬ ಬಿಯರ್ ಧನಿಕನೊಬ್ಬನೇ ಹತ್ತು ಲಕ್ಷ ಮಾರ್ಕುಗಳನ್ನು ತೆತ್ತನು. ರಷ್ಯಕ್ಕಾಗಿ ಇಮ್ಯಾನುಯೆಲ್ ನೊಬೆಲನು ಕೊಂಡನು. ಆದರೆ ಇಂಜಿನ್ನು ಇನ್ನೂ ಮಾರುಕಟ್ಟೆಗೆ ಪಕ್ವವಾಗಿರಲಿಲ್ಲ. 1898ರಲ್ಲಿ ಕೆಂಪ್ಟನ್ ಊರಿನ ಬೆಂಕಿಕಡ್ಡಿಯ ಕಾರ್ಖಾನೆಗೆ ಕೊಟ್ಟ ಇಂಜಿನ್ನು ಮೇಲಿಂದ ಮೇಲೆ ಕೆಟ್ಟು ನಿಂತಿತು. ಗಿರಾಕಿಗಳ ದೂರುಗಳು, ಪೇಟೆಂಟಿನ ವ್ಯಾಜ್ಯಗಳು, ವಿರೋಧಿಗಳ ನಿಂದೆಗಳು ಒಂದೇ ಕಾಲಕ್ಕೆ ಮುತ್ತಿದವು. ಮಿತಿಮೀರಿದ ದುಡಿತದಿಂದ ಅದೇ ವರುಷ ಅವನ ನರಗಳು ಸೋತು ಆರೋಗ್ಯಧಾಮವನ್ನು ಸೇರಬೇಕಾಯಿತು. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಯಂತ್ರಕ್ಕೆ ಅತ್ಯುಚ್ಚ ಬಹುಮಾನವು ದೊರೆಯಿತು. ಅಲ್ಲಿ ಒಂದು ಚಿಕ್ಕ ಡೀಸೆಲ್ ಇಂಜಿನ್ನು ನೆಲಗಡಲೆಯ ಎಣ್ಣೆಯಿಂದ ಓಡಿದುದು ಇಂದಿಗೂ ಚರ್ಚೆಯಾಗುವ ಸಂಗತಿ.

ಅವನ ಜೀವನದಲ್ಲಿ ನಮಗೆ ಅತಿ ಪ್ರಿಯವಾದ ಅಧ್ಯಾಯವು ಯಂತ್ರಕ್ಕೆ ಸಂಬಂಧಿಸಿದುದಲ್ಲ. ದುಡಿಯುವವರು ತಮ್ಮ ಚಿಲ್ಲರೆ ಉಳಿತಾಯಗಳನ್ನು ಒಟ್ಟುಗೂಡಿಸಿ, ತಾವೇ ಕಾರ್ಖಾನೆಗಳಿಗೆ ಒಡೆಯರಾಗಿ, ಲಾಭವನ್ನು ತಮ್ಮೊಳಗೆ ಹಂಚಿಕೊಳ್ಳಬೇಕೆಂಬ ಯೋಜನೆಯನ್ನು ವಿವರಿಸಿ 1903ರಲ್ಲಿ ಅವನೊಂದು ಪುಸ್ತಕವನ್ನು ಬರೆದನು. ಹತ್ತು ಸಾವಿರ ಪ್ರತಿಗಳನ್ನು ಅಚ್ಚು ಹಾಕಿಸಿದನು. ಮಾರಾಟವಾದವು ಕೆಲವೇ ನೂರು. ಕಾರ್ಮಿಕರೂ ಓದಲಿಲ್ಲ, ಧಣಿಗಳೂ ಓದಲಿಲ್ಲ. ಪತ್ರಿಕೆಯನ್ನು ಅಚ್ಚು ಹಾಕಿ ಮಾರುವ ಕಷ್ಟವನ್ನು ಕಂಡವರಿಗೆ ಆ ಉಳಿದ ಪ್ರತಿಗಳ ರಾಶಿಯು ಕಣ್ಣಿಗೆ ಕಟ್ಟುತ್ತದೆ.

ಗಳಿಸಿದ ಹಣವನ್ನು ಕಾಪಾಡುವ ವಿದ್ಯೆಯು ಅವನಿಗೆ ಒಲಿಯಲಿಲ್ಲ. ಮ್ಯೂನಿಕ್ಕಿನಲ್ಲಿ ಭವ್ಯವಾದ ಬಂಗಲೆಯನ್ನು ಕಟ್ಟಿಸಿದನು. ನಿವೇಶನಗಳ ಸಟ್ಟಾ ವ್ಯವಹಾರದಲ್ಲಿ ಲಕ್ಷಗಟ್ಟಲೆ ಕಳೆದುಕೊಂಡನು. ಮುಖ್ಯ ಪೇಟೆಂಟಿನ ಅವಧಿಯೂ ತೀರಿತು. ಸಾಲದ ಬಡ್ಡಿಗೆ ಹೊಸ ಸಾಲವನ್ನು ಮಾಡುವ ಸ್ಥಿತಿಯು ಬಂದರೂ ಹೊರಗೆ ಸಿರಿವಂತನ ಠೀವಿಯನ್ನು ಬಿಡಲಿಲ್ಲ; ಮನೆಯವರಿಗೂ ಪೂರ್ತಿ ತಿಳಿಯಗೊಡಲಿಲ್ಲ. ಅತ್ತ ಅವನ ಯಂತ್ರವು ಮಾತ್ರ ದಿನೇ ದಿನೇ ಬಲಿಯುತ್ತಿತ್ತು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಎಂಬ ಹಡಗು ಡೀಸೆಲ್ ಇಂಜಿನ್ನುಗಳ ಬಲದಿಂದಲೇ ಕೋಪನ್‌ಹೇಗನ್ನಿನಿಂದ ಬ್ಯಾಂಕಾಕಿನವರೆಗೆ ಯಾನ ಮಾಡಿತು.

1913ರ ಸೆಪ್ಟೆಂಬರ್ 29ರ ಸಂಜೆ ಅವನು ಬೆಲ್ಜಿಯಮಿನ ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್ಡೆನ್ ಎಂಬ ಹಡಗನ್ನು ಏರಿದನು. ಲಂಡನ್ನಿನಲ್ಲಿ ಇಂಜಿನ್ನಿನ ಕಂಪನಿಯೊಂದರ ಸಭೆಗೆ ಹೋಗಬೇಕಾಗಿತ್ತು. ಜೊತೆಗಾರರೊಡನೆ ಊಟ ಮಾಡಿದನು. ಬೆಳಿಗ್ಗೆ 6 ಗಂಟೆ 15 ನಿಮಿಷಕ್ಕೆ ಎಬ್ಬಿಸುವಂತೆ ತಿಳಿಸಿ, ಹತ್ತು ಗಂಟೆಯ ಸುಮಾರಿಗೆ ತನ್ನ ಕೋಣೆಯ ಕಡೆಗೆ ನಡೆದನು. ಬೆಳಿಗ್ಗೆ ನೋಡಿದರೆ ಹಾಸಿಗೆಯಲ್ಲಿ ಮಲಗಿದ ಗುರುತಿರಲಿಲ್ಲ. ರಾತ್ರಿಯ ಉಡುಪನ್ನು ಮಡಿಸಿ ಇಡಲಾಗಿತ್ತು. ಗಡಿಯಾರವು ಮಲಗಿದಲ್ಲಿಂದ ಕಾಣುವಂತಿತ್ತು. ಹಡಗಿನ ಹಿಂಬದಿಯ ಕಟಾಂಜನದ ಬಳಿ ಅವನ ಟೋಪಿಯೂ ಅಚ್ಚುಕಟ್ಟಾಗಿ ಮಡಿಸಿದ ಮೇಲಂಗಿಯೂ ದೊರೆತವು. ಸುಮಾರು ಹತ್ತು ದಿನಗಳ ಮೇಲೆ ಡಚ್ಚರ ದೋಣಿಯೊಂದಕ್ಕೆ ಸಮುದ್ರದಲ್ಲಿ ಶವವೊಂದು ಸಿಕ್ಕಿತು. ನಾವಿಕರು ಜೇಬಿನಲ್ಲಿದ್ದ ಗುಳಿಗೆಯ ಡಬ್ಬಿ, ಚಾಕು, ಕನ್ನಡಕದ ಗೂಡು ಮೊದಲಾದುವನ್ನು ತೆಗೆದುಕೊಂಡು ದೇಹವನ್ನು ನೀರಿಗೇ ಬಿಟ್ಟರು. ಆ ಸಾಮಾನುಗಳು ತನ್ನ ತಂದೆಯವೆಂದು ಮಗ ಯೂಜೀನನು ಗುರುತಿಸಿದನು. ಶತ್ರುಗಳು ಕೊಂದರೆಂದು ಆಗಲೂ ವದಂತಿಗಳೆದ್ದವು. ಅವು ಇಂದಿಗೂ ಅಡಗಿಲ್ಲ. ಹಡಗನ್ನೇರುವ ಮುನ್ನ ಹಣ ತುಂಬಿದ ಚೀಲವೊಂದನ್ನು ಹೆಂಡತಿಯ ಕೈಗಿತ್ತು, ಒಂದು ವಾರ ತೆರೆಯಕೂಡದೆಂದು ಹೇಳಿದ್ದ ಮನುಷ್ಯನನ್ನು ಸಾಲವೇ ಕೊಂದಿತೆಂದು ನಾವು ನಂಬುತ್ತೇವೆ. ಆಗ ಅವನಿಗೆ 55 ವರುಷ.

ತನ್ನ ಇಂಜಿನ್ನನ್ನು ಹೊತ್ತ ಲಾರಿಗಳು ಮಾರುಕಟ್ಟೆಗೆ ಬಂದುದನ್ನು ಅವನು ಕಾಣಲಿಲ್ಲ. ಅವನ ಕಾಲದ ಇಂಜಿನ್ನಿಗೆ ಎಣ್ಣೆಯನ್ನು ಊದಲು ಪ್ರತ್ಯೇಕವಾದ ಭಾರಿ ಗಾಳಿಯಂತ್ರವೊಂದು ಬೇಕಾಗಿದ್ದುದರಿಂದ ಅದು ಕಾರ್ಖಾನೆಗೂ ಹಡಗಿಗೂ ಸಲ್ಲುತ್ತಿತ್ತು, ರಸ್ತೆಗೆ ಸಲ್ಲುತ್ತಿರಲಿಲ್ಲ. 1923–24ರಲ್ಲಿ ಜರ್ಮನಿಯಲ್ಲಿ ಡೀಸೆಲ್ ಲಾರಿಗಳು ಹೊರಬಂದವು. ಅವುಗಳಲ್ಲೊಂದರ ಇಂಜಿನ್ನು ರೂಪುಗೊಂಡುದು ಅದೇ ಆಗ್ಸ್‌ಬರ್ಗಿನಲ್ಲಿ. ಗಾಳಿಯ ಬರಕ್ಕೆ ಪರಿಹಾರವನ್ನು ಹುಡುಕಿದವನು ಆಲ್ಫ್ರೆಡ್ ಬ್ಯೂಕಿ ಎಂಬ ಸ್ವಿಸ್ ಇಂಜಿನಿಯರನು. ವ್ಯರ್ಥವಾಗಿ ಹೊರಬೀಳುವ ಹೊಗೆಯ ರಭಸದಿಂದಲೇ ಚಕ್ರವೊಂದನ್ನು ತಿರುಗಿಸಿ ಸಿಲಿಂಡರಿಗೆ ಹೆಚ್ಚು ಗಾಳಿಯನ್ನು ತುರುಕುವ ವಿಧಾನಕ್ಕೆ 1905ರಲ್ಲಿ ಪೇಟೆಂಟನ್ನು ಪಡೆದಿದ್ದನು. ಡೀಸೆಲನು ಕೈಕೆಲಸವನ್ನು ಕಲಿತಿದ್ದ ಸುಲ್ಜರ್ ಕಾರ್ಖಾನೆಯಲ್ಲಿಯೇ ಬ್ಯೂಕಿಯೂ ದುಡಿದನು. ಟರ್ಬೋ ಎಂದು ನಮ್ಮ ಬಸ್ಸುಗಳ ಬೆನ್ನ ಮೇಲೆ ಬರೆದಿರುತ್ತಿದ್ದುದು ಇದನ್ನೇ. ಆದರೆ ಒತ್ತಿದ ಗಾಳಿಯು ಕಾಯುವುದಷ್ಟೆ. ಕಾದರೆ ಪುನಃ ಉಬ್ಬುವುದು. ಆದಕಾರಣ ಸಿಲಿಂಡರನ್ನು ಹೊಗುವ ಮುನ್ನ ಆ ಗಾಳಿಯನ್ನು ತಣಿಸಬೇಕಾಯಿತು. ಈಗಿನ ಲಾರಿ, ಬಸ್ಸುಗಳ ಮೂತಿಯಲ್ಲಿ ರೇಡಿಯೇಟರಿನ ಎದುರಿಗೆ ಇಂಟರ್‌ಕೂಲರ್ ಎಂಬ ಜಾಲರಿಯ ಪೆಟ್ಟಿಗೆಯಿರುವುದು ಇದಕ್ಕಾಗಿಯೇ. ಹೊರಗಿನ ಗಾಳಿಯೇ 43 ಡಿಗ್ರಿಯಿರುವಾಗ ಅದಕ್ಕಿಂತ ತಂಪನ್ನು ಆ ಪೆಟ್ಟಿಗೆಯು ಕೊಡಲಾರದು. ಜಾಲರಿಗೆ ಧೂಳು ಮೆತ್ತಿಕೊಂಡಿದ್ದರೆ ಅಷ್ಟನ್ನೂ ಕೊಡಲಾರದು. ಹೊರಡುವ ಮುನ್ನ ಬಸ್ಸಿನ ಕ್ಲೀನರನು ಅದಕ್ಕೆ ನೀರು ಹಾಯಿಸುತ್ತ ಹತ್ತು ನಿಮಿಷ ತಡಮಾಡಿದರೆ, ಪ್ರಯಾಣಿಕರು ಅವನನ್ನು ಗದರಿಸಬಾರದೆಂದು ನಮ್ಮ ಬಿನ್ನಹ.